ಸೊನ್ನೆಗೆ ಬರುವ ಎಣಿಕೆ

ರೀನೊ, ನೆವಾಡ
ಮಾರ್ಚ್ 3, 1986

ಓರಿನ್ ಮಾವನಿಗೆ,

ನನ್ನ ಕಾಗದ ನೋಡಿ ನಿಮಗೆ ಆಶ್ಚರ್ಯವಾಗಬಹುದು. ನಾನು ಲೋರ್ನಾ, ನಿಮ್ಮ ಅಕ್ಕ ಆರ್ಡಿಸ್ ಅವರ ಮಗಳು. ಅಜ್ಜಿ ತೀರಿಕೊಂಡಾಗ ನೀವು ನನ್ನನ್ನು ನೋಡಿದ್ದೇ ಕೊನೆ. ಆಗ ನನಗೆ ಹನ್ನೆರಡು ವರ್ಷ.

ಜನವರಿಯಲ್ಲಿ ಅಮ್ಮನಿಗೆ ಪಾರ್ಶ್ವವಾಯು ಹೊಡೆಯಿತು. ಮಾತು ಒಂದು ವಾರದಲ್ಲಿ ವಾಪಸ್ಸು ಬಂತು, ಬೈಗುಳ ಅದಕ್ಕೂ ಮೊದಲೇ ಬಂತು. ಕಾಲು ಪರವಾಗಿಲ್ಲ. ಬಲಗೈ ಮಾತ್ರ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತದೆ. ಅಂಕಿಗಳೂ ನಡುವೆ ಜಾರುತ್ತವೆ. ದಿನಾ ಕೈಗೆ, ತಲೆಗೆ ಕೆಲಸ ಕೊಟ್ಟರೆ ಎರಡೂ ಮರಳಬಹುದು, ಈ ವರ್ಷ ಬಿಟ್ಟರೆ ಆಮೇಲೆ ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ. ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟರು. ಅಮ್ಮ ಅದನ್ನು ಎಡಗೈಯಿಂದ ಟಿವಿಗೆ ಎಸೆದರು.

ಇಪ್ಪತ್ತಾರು ವರ್ಷ ಕ್ಯಾಸಿನೊದಲ್ಲಿ ಬ್ಲ್ಯಾಕ್‌ಜಾಕ್ ಎಲೆ ಹಂಚಿದ ಕೈ ಅದು. ಈಗ ಇಸ್ಪೀಟಿನ ಕಟ್ಟು ಮೇಜಿನ ಮೇಲಿರುತ್ತದೆ, ಬಿಚ್ಚುವುದೇ ಇಲ್ಲ. ನಿಮ್ಮಿಬ್ಬರ ನಡುವೆ ಏನಾಯಿತೋ ನನಗೆ ಗೊತ್ತಿಲ್ಲ. ಆದರೆ ಅಮ್ಮನ ಬಾಯಲ್ಲಿ ಇನ್ನೂ ಬರುವ ಒಂದೇ ಹೆಸರು ನಿಮ್ಮದು, ಅದೂ ಬೈಯಲಿಕ್ಕೆ. ಏನಾದರೂ ಮಾಡಿ ಮಾವ. ನಾನು ಬರೆದೆ ಎಂದು ಮಾತ್ರ ಹೇಳಬೇಡಿ.

ಲೋರ್ನಾ


ಡುಲುತ್, ಮಿನೆಸೋಟ
ಮಾರ್ಚ್ 17, 1986

ಅಕ್ಕಾ,

ಕ್ರಿಸ್‌ಮಸ್ ಕಾರ್ಡಿನ ಕೆಳಗೆ ಸಹಿ ಹಾಕುವುದನ್ನು ಬಿಟ್ಟರೆ ನಿನಗೆ ಒಂದು ಕಾಗದವನ್ನೂ ಬರೆಯದೆ ಹದಿನೇಳು ವರ್ಷವಾಯಿತು. ಹೇಗೆ ಶುರುಮಾಡಬೇಕೋ ತಿಳಿಯದೆ ಮೂರು ಹಾಳೆ ಹರಿದೆ. ನೇರ ವಿಷಯಕ್ಕೆ ಬರುತ್ತೇನೆ.

ನಮ್ಮ ಚರ್ಚಿನ ನಿವೃತ್ತರ ಸಂಘ ಸೆಪ್ಟೆಂಬರಿನಲ್ಲಿ ನಿಮ್ಮೂರಿಗೆ ಬಸ್ಸು ಮಾಡಿದೆ. ಎಲ್ಲರೂ ಬ್ಲ್ಯಾಕ್‌ಜಾಕ್ ಆಡುತ್ತಾರಂತೆ. ನನಗೆ ಆಟ ಬರುವುದಿಲ್ಲ, ಪೆದ್ದನ ಹಾಗೆ ಕೂರಲು ಮನಸ್ಸಿಲ್ಲ. ಅಂಚೆಯಲ್ಲಿ ಒಂದು ಪುಸ್ತಕ ತರಿಸಿದ್ದೇನೆ. ಹೋದ ಎಲೆಗಳನ್ನು ಎಣಿಸುತ್ತ ಹೋದರೆ ಗೆಲ್ಲಬಹುದು ಎನ್ನುತ್ತದೆ. ಅದರಲ್ಲಿ ಒಂದೊಂದು ಎಲೆಗೆ ಒಂದೊಂದು ಬೆಲೆ, ಎಕ್ಕಗಳಿಗೆ ಬೇರೆ ಲೆಕ್ಕ, ಅದಕ್ಕಾಗಿ ಮೇಜಿನ ಕೆಳಗೆ ಕಾಲಿನ ಬೆರಳು ಮಡಚಬೇಕಂತೆ. ನನ್ನ ಬೂಟಿನಲ್ಲಿ ಎರಡು ಜೊತೆ ಉಣ್ಣೆ ಕಾಲುಚೀಲ ಇರುತ್ತದೆ, ಯಾವ ಬೆರಳು ಮಡಚಿತು ಎಂದು ನನಗೇ ಗೊತ್ತಾಗುವುದಿಲ್ಲ. ಇದಕ್ಕಿಂತ ಒಳ್ಳೆಯ ಎಣಿಕೆ ಇದೆಯೇ? ಯಾವುದನ್ನು ಆರಿಸಲಿ?

ಬಂದರಿನಲ್ಲಿ ಹೆಪ್ಪುಗಟ್ಟಿದ ನೀರು ಇನ್ನೂ ಒಡೆದಿಲ್ಲ. ಬೇರೆ ವಿಶೇಷವಿಲ್ಲ.

ಓರಿನ್


ರೀನೊ
ಏಪ್ರಿಲ್ 2, 1986

ಓರಿನ್,

ಹದಿನೇಳು ವರ್ಷದ ಮೇಲೆ ಬರೆದೆ, ಅದೂ ಜೂಜು ಕಲಿಸು ಎಂದು. ಸಂತೋಷ.

ಇದು ಟೈಪ್ ಮಾಡಿದ ಕಾಗದ. ಪಕ್ಕದ ಬೀದಿಯಲ್ಲಿ ಹಳೆ ಸಾಮಾನು ಮಾರುವಾಗ ಈ ಯಂತ್ರ ಅಗ್ಗಕ್ಕೆ ಸಿಕ್ಕಿತು. ದೊಡ್ಡ ಅಕ್ಷರ ಒತ್ತುವ ಕೀಲಿ ಹಠಮಾರಿ. ಬೇರೇನೂ ಇಲ್ಲ, ನಾನು ಗಟ್ಟಿಯಾಗಿದ್ದೇನೆ.

ಆ ಪುಸ್ತಕವನ್ನು ಒಲೆಗೆ ಹಾಕು. ಅದನ್ನು ಬರೆದವನು ಗದ್ದಲದ ಮೇಜಿನಲ್ಲಿ ಒಂದು ಗಂಟೆ ಕೂತವನಲ್ಲ. ನನ್ನೆದುರು ಕೂತು ಎಕ್ಕಕ್ಕೊಂದು ಲೆಕ್ಕ, ಐದಕ್ಕೊಂದು ಲೆಕ್ಕ ಇಟ್ಟವರನ್ನು ಎಷ್ಟು ಜನ ನೋಡಿದ್ದೇನೆ! ಯಾರೋ "ಇನ್ನೊಂದು ಕಾಫಿ ಬೇಕಾ?" ಎಂದು ಕೇಳಿದರೆ ಸಾಕು, ಲೆಕ್ಕ ಗಾಳಿಗೆ. ಸುಲಭದ ಎಣಿಕೆಯನ್ನು ತಪ್ಪಿಲ್ಲದೆ ಮಾಡುವವನು, ಕಷ್ಟದ್ದನ್ನು ತಪ್ಪು ತಪ್ಪಾಗಿ ಮಾಡುವವನಿಗಿಂತ ಎಷ್ಟೋ ಮೇಲು.

ನಿನಗೆ ಇದು ಸಾಕು: ಎರಡರಿಂದ ಆರರವರೆಗಿನ ಎಲೆ ಬಿದ್ದರೆ ಒಂದು ಕೂಡು. ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಬಿದ್ದರೆ ಒಂದು ಕಳೆ. ಏಳು, ಎಂಟು, ಒಂಬತ್ತನ್ನು ಮರೆತುಬಿಡು. ಸಣ್ಣವು ಹೊರಗೆ ಬಿದ್ದಷ್ಟೂ ಒಳಗೆ ದೊಡ್ಡವು ಉಳಿಯುತ್ತವೆ, ದೊಡ್ಡವು ಉಳಿದರೆ ಆಡುವವನಿಗೆ ಒಳ್ಳೆಯದು. ಇಡೀ ಕಟ್ಟು ಎಣಿಸಿ ಮುಗಿಸಿದಾಗ ಸೊನ್ನೆ ಬರಬೇಕು. ಸೊನ್ನೆ ಬರದಿದ್ದರೆ ನೀನು ಎಲ್ಲೋ ನಿದ್ದೆ ಮಾಡಿದ್ದೀಯ ಎಂದರ್ಥ.

ಆದರೆ ಎಣಿಕೆಗೆ ಮೊದಲು ಆಟ ಕಲಿ. ಇಪ್ಪತ್ತೊಂದು ದಾಟಬಾರದು, ಹಂಚುವವಳಿಗಿಂತ ಕಡಿಮೆಯೂ ಆಗಬಾರದು, ಇಷ್ಟೇ ಆಟ. ಇದರ ಜೊತೆ ಹತ್ತು ಪ್ರಶ್ನೆ ಇಟ್ಟಿದ್ದೇನೆ. ಪುಸ್ತಕ ನೋಡದೆ ಉತ್ತರ ಬರೆ.

ಆರ್ಡಿಸ್


ಡುಲುತ್
ಏಪ್ರಿಲ್ 20, 1986

ಅಕ್ಕಾ,

ನಿನ್ನ ಹತ್ತು ಪ್ರಶ್ನೆಗೂ ಉತ್ತರ ಇಟ್ಟಿದ್ದೇನೆ. ಎರಡು ರಾಣಿ ಬಂದರೆ ಬೇರೆ ಬೇರೆ ಮಾಡಿ ಎರಡು ಕೈ ಆಡುತ್ತೇನೆ, ಹೆಂಗಸರು ಒಟ್ಟಿಗಿದ್ದರೆ ಜಗಳ. ಎರಡು ಎಂಟು ಬಂದರೆ ಹದಿನಾರು ಎಂದು ಸುಮ್ಮನೆ ಕೂರುತ್ತೇನೆ. ಸರಿ ತಾನೇ?

ಎಣಿಕೆ ಮಾತ್ರ ಹತ್ತುತ್ತಿಲ್ಲ. ಒಮ್ಮೆ ಐದು ಬರುತ್ತದೆ, ಒಮ್ಮೆ ಏಳು ಬರುತ್ತದೆ, ಸೊನ್ನೆ ಬರುವುದೇ ಇಲ್ಲ. ನನಗನ್ನಿಸುತ್ತದೆ, ನಿನ್ನ ಎಣಿಕೆಯಲ್ಲೇ ಏನೋ ತಪ್ಪಿದೆ. ನೀನೊಮ್ಮೆ ಕಟ್ಟು ಬಿಚ್ಚಿ, ಗಡಿಯಾರ ನೋಡಿ ಎಣಿಸಿ, ಎಷ್ಟು ಹೊತ್ತು ಹಿಡಿಯಿತು, ಕೊನೆಗೆ ಏನು ಬಂತು ಎಂದು ಬರೆ.

ಬೆಳಿಗ್ಗೆ ಹೊತ್ತು ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕುಡಿಯುತ್ತ ಅಭ್ಯಾಸ ಮಾಡುತ್ತೇವೆ. ನನ್ನ ಜೊತೆ ಗೋಧಿ ಗೋದಾಮಿನಲ್ಲಿದ್ದ ಆರ್ವಿಡ್‌ನನ್ನೂ ಎಳೆದುಕೊಂಡಿದ್ದೇನೆ. ಆರು ಕಟ್ಟು ಸೇರಿಸಿ ಬೂಟಿನ ಡಬ್ಬಿಯಲ್ಲಿಟ್ಟು, ಒಣ ಬಟಾಣಿ ಪಣ ಇಟ್ಟು ಆಡುತ್ತೇವೆ. ಮೊನ್ನೆ ಅವನು ಕುಣಿದಾಡಿದ: "ಎಣಿಕೆ ಆರಕ್ಕೆ ಬಂತು ಕಣೋ! ಎಲ್ಲಾ ಬಟಾಣಿ ಇಟ್ಬಿಡ್ತೀನಿ!" ನಾನು ಅಂದೆ, "ಸುಮ್ನಿರೋ, ಡಬ್ಬೀಲಿ ಇನ್ನೂ ಮೂರು ಕಟ್ಟು ಬಾಕಿ ಇದೆ. ಆರನ್ನ ಮೂರರಿಂದ ಭಾಗಿಸು. ನಿಂಗಿರೋದು ಎರಡೇ." ಅವನು ಕೇಳಲಿಲ್ಲ, ಬಟಾಣಿ ಎಲ್ಲಾ ಸೋತ. ಪಾದ್ರಿಯ ಹೆಂಡತಿ ಅದನ್ನು ಎತ್ತಿಕೊಂಡು ಹೋಗಿ ಸಾರು ಮಾಡಿದಳು.

ಉತ್ತರ ಬರೆ.

ಓರಿನ್


ರೀನೊ
ಏಪ್ರಿಲ್ 29, 1986

ಓರಿನ್,

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಎಣಿಕೆಯಲ್ಲಿ ತಪ್ಪಿದೆಯಂತೆ! ಕೂಡುವ ಎಲೆ ಇಪ್ಪತ್ತು, ಕಳೆಯುವ ಎಲೆ ಇಪ್ಪತ್ತು, ಸೊನ್ನೆಯಲ್ಲದೆ ಇನ್ನೇನು ಬರುತ್ತದೆ?

ಎರಡು ರಾಣಿಯನ್ನು ಯಾರಾದರೂ ಬೇರೆ ಮಾಡುತ್ತಾರೆಯೇ? ಒಂದೊಂದಕ್ಕೆ ಹತ್ತು, ಒಟ್ಟು ಇಪ್ಪತ್ತು, ಕೈಗೆ ಬಂದ ಊಟ. ಎರಡು ಎಂಟನ್ನು ಯಾವಾಗಲೂ ಬೇರೆ ಮಾಡಬೇಕು, ಹದಿನಾರಿನಂಥ ದರಿದ್ರ ಕೈ ಇನ್ನೊಂದಿಲ್ಲ. ಹತ್ತರಲ್ಲಿ ಏಳು ತಪ್ಪು ಮಾಡಿದ್ದೀಯ.

ಒಂದು ಕಟ್ಟಿಗೆ ನನಗೆ ಇಪ್ಪತ್ತೆರಡು ಸೆಕೆಂಡು. ಕೊನೆಗೆ ಸೊನ್ನೆ.

ಆರ್ಡಿಸ್


ರೀನೊ
ಮೇ 24, 1986

ಓರಿನ್,

ನಿನ್ನ ಎರಡು ಕಾಗದಕ್ಕೆ ಉತ್ತರ ಬರೆಯಲಿಲ್ಲ. ಅದಕ್ಕೆ ಕಾರಣವಿದೆ.

ಇಪ್ಪತ್ತೆರಡು ಸೆಕೆಂಡು ಎಂದದ್ದು ಹಳೆಯ ಮಾತು. ನಿನಗೆ ಬರೆದ ಮಾರನೇ ದಿನ ಕಟ್ಟು ಬಿಚ್ಚಿದೆ, ಸುಳ್ಳು ಹೇಳಿದ್ದು ಚುಚ್ಚುತ್ತಿತ್ತು. ಮೊದಲ ಸಲ ಒಂಬತ್ತು ನಿಮಿಷ, ಕೊನೆಗೆ ಹನ್ನೊಂದು ಬಂತು. ಕಟ್ಟನ್ನು ಡ್ರಾಯರಿಗೆ ಎಸೆದೆ. ನಾಲ್ಕು ದಿನ ಬಿಟ್ಟು ಮತ್ತೆ ತೆಗೆದೆ. ಈಗ ನಾಲ್ಕು ನಿಮಿಷ ಹತ್ತು ಸೆಕೆಂಡು, ಕೊನೆಗೆ ಎರಡು ಉಳಿಯುತ್ತದೆ. ಕನ್ನಡಕ ಬದಲಾಯಿಸಬೇಕು, ಅದೇ ಕಾರಣ. ನೀನೂ ಹೆದರಬೇಡ. ಒಂದೊಂದೇ ಎಣಿಸಬೇಡ, ಜೋಡಿ ನೋಡು. ರಾಜನ ಪಕ್ಕ ಐದು ಬಿದ್ದರೆ ಎರಡೂ ಹೊಡೆದುಹೋಗುತ್ತವೆ, ಕಣ್ಣು ಮುಂದೆ ಹೋಗಲಿ.

ಹಂಚುವವರು ಬದಲಾಗುವುದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದ್ದೀಯ. ಮೇಜು ಬಿಟ್ಟು ಹೋಗುವವಳು ಒಮ್ಮೆ ಚಪ್ಪಾಳೆ ತಟ್ಟಿ ಎರಡೂ ಅಂಗೈಯನ್ನು ಮೇಲೆ ಮಾಡಿ ತೋರಿಸುತ್ತಾಳೆ. ಕೈಯಲ್ಲಿ ಏನೂ ಬಚ್ಚಿಟ್ಟುಕೊಂಡಿಲ್ಲ ಎಂದು ಛಾವಣಿಯ ಕ್ಯಾಮೆರಾಕ್ಕೆ ತೋರಿಸುವುದು. ಅದು ಕೆಲಸದ ನಿಯಮ, ಆಮೇಲೆ ಮೈಗೇ ಹತ್ತಿಬಿಡುತ್ತದೆ. ನಾನು ಚರ್ಚಿನಲ್ಲಿ ಏಳುವಾಗ ತಟ್ಟಿದ್ದೇನೆ, ಹಲ್ಲಿನ ಡಾಕ್ಟರ ಕುರ್ಚಿಯಿಂದ ಏಳುವಾಗ ತಟ್ಟಿದ್ದೇನೆ. ಲೋರ್ನಾ ಚಿಕ್ಕವಳಿದ್ದಾಗ, "ಅಮ್ಮಾ, ಊಟ ಆದ್ಮೇಲೂ ಯಾಕೆ ತಟ್ತೀಯ? ಚಮಚ ಕದ್ದಿಲ್ಲ ಅಂತ ನಂಗೊತ್ತು" ಎಂದು ನಗುತ್ತಿದ್ದಳು. ತಟ್ಟಿದ್ದು ನನಗೆ ತಿಳಿಯುವುದೇ ಇಲ್ಲ.

ಆರ್ಡಿಸ್


ಡುಲುತ್
ಜೂನ್ 9, 1986

ಅಕ್ಕಾ,

ನಿನ್ನ ಕಾಗದವನ್ನು ಬಂದರಿನ ಕಟ್ಟೆಯ ಮೇಲೆ ಕೂತು ಓದಿದೆ. ಅಂಗೈಯ ಮಾತು ಬಂದ ಕಡೆ ನಿಂತೆ. ಒಂದು ಹಡಗು ಒಳಗೆ ಬಂತು, ಅದಕ್ಕೆ ದಾರಿ ಬಿಡಲು ಎತ್ತುವ ಸೇತುವೆ ಮೇಲೆದ್ದು ಇಳಿಯಿತು, ಇನ್ನೊಂದು ಹಡಗು ಬಂತು. ನಾನು ಅಲ್ಲೇ ಇದ್ದೆ.

ಅಮ್ಮನನ್ನು ಮಣ್ಣುಮಾಡಿ ಬಂದ ದಿನ ನೆನಪಿದೆಯಾ? ಊಟದ ಮೇಜು. ಅಪ್ಪನನ್ನು ಯಾರು ನೋಡಿಕೊಳ್ಳುವುದು ಎಂಬ ಮಾತು ಬಂತು. ನಾನು, "ಅಪ್ಪ ನನ್ ಹತ್ರಾನೇ ಇರ್ಲಿ" ಎಂದೆ. ನೀನು ಎದ್ದೆ. ಚಪ್ಪಾಳೆ ತಟ್ಟಿದೆ. ಎರಡೂ ಅಂಗೈಯನ್ನು ನಮ್ಮೆಲ್ಲರ ಕಡೆ ತಿರುಗಿಸಿ ತೋರಿಸಿದೆ. ಕೋಟು ಹಾಕಿಕೊಂಡು, ಮಗಳ ಕೈ ಹಿಡಿದು ಹೊರಟುಹೋದೆ.

ನೀನು ಅಪ್ಪನ ವಿಷಯದಲ್ಲಿ ಕೈ ತೊಳೆದುಕೊಂಡೆ ಎಂದು ನಾನು ತಿಳಿದೆ. ಅಪ್ಪನೂ ಹಾಗೇ ತಿಳಿದ. "ನೋಡಿದ್ಯಾ, ಧೂಳು ಝಾಡಿಸ್ದಂಗೆ ಝಾಡಿಸ್ಬಿಟ್ಳು" ಎಂದ. ಹದಿನೇಳು ವರ್ಷ ಆ ಅಂಗೈಗಳು ನನ್ನ ಕಣ್ಣ ಮುಂದಿದ್ದವು.

ಇನ್ನೊಂದು ಇದೆ. ಅಪ್ಪನನ್ನು ಕಳಿಸು, ನಮ್ಮಲ್ಲಿ ಬಿಸಿಲಿದೆ, ಒಂದು ಕೋಣೆ ಖಾಲಿ ಮಾಡಿದ್ದೇನೆ ಎಂದು ನೀನು ಮೂರು ಕಾಗದ ಬರೆದಿದ್ದೆ. ನಾಟಕ ಎಂದುಕೊಂಡೆ. ಅಪ್ಪನಿಗೆ ಅವನ್ನು ಓದಿ ಹೇಳಲಿಲ್ಲ. ಮೂರೂ ನನ್ನ ಪೆಟ್ಟಿಗೆಯಲ್ಲಿವೆ. ಅಪ್ಪ ಸತ್ತಾಗ ನಿನಗೆ ತಂತಿ ಕೊಟ್ಟೆ, ಅದೂ ಮಣ್ಣು ಮಾಡಿದ ಮೇಲೆ.

ಕ್ಷಮಿಸು ಎಂದು ಕೇಳಲು ನನಗೆ ಮುಖವಿಲ್ಲ. ಆದರೂ ಕೇಳುತ್ತೇನೆ.

ಓರಿನ್


ರೀನೊ
ಜೂನ್ 21, 1986

ಓರಿನ್,

ಅಂದು ನಾಲ್ಕು ಗಂಟೆಗೆ ನನ್ನ ಬಸ್ಸಿತ್ತು. ಎರಡು ದಿನದಲ್ಲಿ ಊರು ಸೇರಿ ಕೆಲಸಕ್ಕೆ ಹೋಗದಿದ್ದರೆ ನನ್ನ ಜಾಗದಲ್ಲಿ ಬೇರೊಬ್ಬಳು ನಿಲ್ಲುತ್ತಿದ್ದಳು. ಎಲ್ಲರೆದುರು ಅಳಬಾರದು ಎಂದು ಎದ್ದೆ. ಚಪ್ಪಾಳೆ ತಟ್ಟಿದ್ದು ನೆನಪೇ ಇಲ್ಲ. ಬಾಗಿಲ ಹೊರಗೆ ಹತ್ತು ನಿಮಿಷ ನಿಂತಿದ್ದೆ. ನೀನು ಹೊರಗೆ ಬರುತ್ತೀಯ ಎಂದು ಕಾದೆ. ಬರಲಿಲ್ಲ. ನಾನು ಎಲೆ ಹಂಚುವವಳು, ನಿನಗೆ ನಾಚಿಕೆ ಎಂದು ತಿಳಿದೆ.

ಆ ಮೂರು ಕಾಗದದ ವಿಷಯವನ್ನು ಇವತ್ತು ಕ್ಷಮಿಸಲಾರೆ. ಸಿಟ್ಟಿಗೆ ಎರಡು ದಿನ ಊಟ ಬಿಟ್ಟೆ, ಲೋರ್ನಾಳನ್ನೂ ಬೈದೆ. ಅಪ್ಪನಿಗೆ ಆ ಕೋಣೆಯ ಗೋಡೆಗೆ ಹಳದಿ ಬಣ್ಣ ಹೊಡೆಸಿದ್ದೆ ಕಣೋ. ಸೆಪ್ಟೆಂಬರಿನಲ್ಲಿ ನೋಡೋಣ.

ಈಗ ನಿನ್ನ ನಾಟಕದ ಮಾತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಮನೆಯವರಿಗೂ ಕಾಣುವುದಿಲ್ಲ ಎಂದುಕೊಳ್ಳುತ್ತದೆ. ಎಲೆ ಎಣಿಸುವವರನ್ನು ಕ್ಯಾಸಿನೊದವರು ಹೊರಗೆ ಹಾಕುತ್ತಾರೆ, ಅದಕ್ಕೇ ಅವರು ಸಿಕ್ಕಿಬೀಳಬಾರದು ಎಂದು ಬೇಕೆಂದೇ ತಪ್ಪು ಆಡುತ್ತಾರೆ, ರಾಣಿಯರನ್ನು ಬೇರೆ ಮಾಡುತ್ತಾರೆ, ಅಯ್ಯೋ ಎಂದು ತಲೆ ಚಚ್ಚಿಕೊಳ್ಳುತ್ತಾರೆ. ಅಂಥವರನ್ನು ಇಪ್ಪತ್ತಾರು ವರ್ಷ ಎದುರಿಗೆ ಕೂರಿಸಿಕೊಂಡವಳು ನಾನು. ನಿಜವಾದ ಪೆದ್ದ ಸುಲಭದಲ್ಲೂ ತಪ್ಪುತ್ತಾನೆ, ಕಷ್ಟದಲ್ಲೂ ತಪ್ಪುತ್ತಾನೆ. ನೀನು ಒಂದಕ್ಕೊಂದು ಕೂಡಲು ಬರದವನು, ಆರ್ವಿಡ್‌ಗೆ ಮಾತ್ರ ಉಳಿದ ಕಟ್ಟುಗಳಿಂದ ಭಾಗಿಸು ಎಂದು ಪಾಠ ಹೇಳಿದೆ! ಅದನ್ನು ನಾನು ಕಲಿಸಿಯೇ ಇರಲಿಲ್ಲ. ಮೂವತ್ತೊಂದು ವರ್ಷ ಗೋಧಿಯ ವ್ಯಾಗನ್ ತೂಗಿ, ಖಾಲಿ ವ್ಯಾಗನ್ನಿನ ತೂಕವನ್ನು ಬಾಯಲ್ಲೇ ಕಳೆದವನಿಗೆ ಐವತ್ತೆರಡು ಎಲೆಯಲ್ಲಿ ಏಳು ಉಳಿಯಿತಂತೆ.

ಲೋರ್ನಾ ಬರೆದಿರಬೇಕು. ಅವಳನ್ನು ಕೇಳಿಲ್ಲ, ಕೇಳುವುದೂ ಇಲ್ಲ. ಇದೆಲ್ಲ ನನಗೆ ಏಪ್ರಿಲಿನಲ್ಲೇ ಗೊತ್ತಾಯಿತು. ಆದರೂ ಯಾಕೆ ಸುಮ್ಮನಿದ್ದೆ ಎಂದರೆ, ನಾನು ಗೊತ್ತಾಯಿತು ಎಂದರೆ ನೀನು ಬರೆಯುವುದು ನಿಲ್ಲಿಸುತ್ತೀಯ ಎಂದು ಹೆದರಿಕೆ. ದಿನಾ ಅಂಚೆಯವನ ದಾರಿ ಕಾಯುವುದು ಅಭ್ಯಾಸವಾಗಿತ್ತು.

ಹಾಗಾದರೆ ಇದೋ, ನನ್ನದೂ ಮುಚ್ಚುಮರೆ ಬೇಡ. ಈ ಯಂತ್ರವನ್ನು ಎಡಗೈಯ ಒಂದು ಬೆರಳಿನಿಂದ ಒತ್ತುತ್ತೇನೆ. ಬಲಗೈ ಏಳುವುದಿಲ್ಲ. ಎಲೆಗಳನ್ನು ಎಡಗೈಯಲ್ಲಿ ತಿರುಗಿಸುತ್ತೇನೆ. ಒಂದೇ ಕೈಯಿಂದ ಚಪ್ಪಾಳೆ ಆಗುವುದಿಲ್ಲ ಎನ್ನುತ್ತಾರಲ್ಲ, ನಮ್ಮ ಜಗಳಕ್ಕೂ ಅದು ಸರಿ, ನನ್ನ ಕೈಗೂ ಸರಿ.

ಇನ್ನು ಮೇಲೆ ಸುಳ್ಳು ತಪ್ಪು ಬೇಡ. ನಿಜವಾದ ತಪ್ಪು ಮಾಡು, ತಿದ್ದುತ್ತೇನೆ.

ಅಕ್ಕ


ಡುಲುತ್
ಜುಲೈ 5, 1986

ಅಕ್ಕಾ,

ನೀನು ಕೆಳಗೆ ‘ಅಕ್ಕ’ ಎಂದು ಬರೆದಿದ್ದೆ. ಅದನ್ನೇ ನಾಲ್ಕು ಸಲ ನೋಡಿದೆ.

ಬಸ್ಸೂ ಇಲ್ಲ, ಸಂಘವೂ ಇಲ್ಲ. ನಮ್ಮ ಚರ್ಚಿನವರು ಬಿಂಗೊ ಆಡಿದರೂ ಪಾದ್ರಿಯ ಮುಖ ಹುಳ್ಳಗಾಗುತ್ತದೆ. ಆರ್ವಿಡ್ ಮತ್ತು ಬಟಾಣಿ ಮಾತ್ರ ನಿಜ.

ನಿಜವಾದ ಲೆಕ್ಕ: ಒಂದು ಕಟ್ಟಿಗೆ ನಲವತ್ತೊಂದು ಸೆಕೆಂಡು, ಕೊನೆಗೆ ಸೊನ್ನೆ. ನಿಜವಾದ ತಪ್ಪು: ಎಣಿಸುವಾಗ ತುಟಿ ಅಲ್ಲಾಡುತ್ತದಂತೆ. ಆರ್ವಿಡ್ ಹೇಳಿದ, "ನೀನು ಕ್ಯಾಸಿನೊಗೆ ಹೋದ್ರೆ ಪ್ರಾರ್ಥನೆ ಮಾಡ್ತಿದೀಯ ಅನ್ಕೋತಾರೆ." ಬಾಯಲ್ಲಿ ಒಂದು ಪೆಪ್ಪರ್‌ಮಿಂಟ್ ಇಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದೇನೆ. ಇನ್ನೊಂದು ನಿಜ: ಶುರುವಾದದ್ದು ನಿನಗೋಸ್ಕರ, ಈಗ ಇದು ನನಗೇ ಹಿಡಿದುಬಿಟ್ಟಿದೆ. ಹೆಂಡತಿ ಸೆಲ್ಮಾ ತೀರಿಕೊಂಡ ಮೇಲೆ ಈ ನಾಲ್ಕು ವರ್ಷ ಬೆಳಿಗ್ಗೆ ಎದ್ದು ಏನು ಮಾಡುವುದು ಎಂದೇ ತಿಳಿಯುತ್ತಿರಲಿಲ್ಲ. ಈಗ ಎದ್ದ ಕೂಡಲೇ ಕಟ್ಟು ಕಲೆಸುತ್ತೇನೆ.

ಬಸ್ಸಿಲ್ಲದಿದ್ದರೂ ನಾನು ಬರುತ್ತೇನೆ. ಶಿಕಾಗೊದಿಂದ ರೈಲು, ಸೆಪ್ಟೆಂಬರ್ ಹನ್ನೆರಡಕ್ಕೆ ನಿಮ್ಮೂರು. ಕ್ಯಾಸಿನೊಗೆ ಹೋಗುವುದು ಆಮೇಲಿನ ಮಾತು. ಮೊದಲು ನಿನ್ನ ಮೇಜಿಗೆ ಕೂರುತ್ತೇನೆ, ನೀನು ಹಂಚಬೇಕು. ಎಡಗೈಯಾದರೆ ಎಡಗೈ, ನಿಧಾನವಾದರೆ ನಿಧಾನ. ನನಗೆ ಅವಸರವಿಲ್ಲ.

ಮೂರು ಕಾಗದಗಳನ್ನೂ ತರುತ್ತೇನೆ.

ಒಂದು ಅಭ್ಯಾಸ ಹೇಳುತ್ತೇನೆ, ಪುಸ್ತಕದಲ್ಲಿತ್ತು, ಒಲೆಗೆ ಹಾಕುವ ಮೊದಲು ಓದಿಕೊಂಡೆ. ಕಟ್ಟಿನಿಂದ ಒಂದು ಎಲೆಯನ್ನು ನೋಡದೆ ತೆಗೆದು ಬೋರಲಾಗಿ ಇಡು. ಉಳಿದದ್ದನ್ನು ಎಣಿಸು. ಕೊನೆಗೆ ಬಂದ ಎಣಿಕೆಯಿಂದ ಆ ಎಲೆ ದೊಡ್ಡದೋ ಸಣ್ಣದೋ ಹೇಳಬಹುದು. ಆ ಒಂದು ಎಲೆಯನ್ನು ಮಾತ್ರ ಬಲಗೈಯಲ್ಲಿ ತಿರುಗಿಸು. ಐವತ್ತೊಂದು ಬೇಡ. ಒಂದೇ.

ತಮ್ಮ


ರೀನೊ
ಆಗಸ್ಟ್ 30, 1986

ತಮ್ಮಾ,

ಎಂಟು ವಾರ ಬರೆಯಲಿಲ್ಲ. ಬೈಯಬೇಡ. ಇದು ಬಲಗೈ ಬರೆದ ಕಾಗದ. ಮೂರು ದಿನ ಹಿಡಿಯಿತು, ದಿನಕ್ಕೆ ಕೆಲವೇ ಸಾಲು. ಅಕ್ಷರ ಕೋಳಿ ಕೆದರಿದ ಹಾಗಿದೆ, ಓದಿಕೊ.

ಡಾಕ್ಟರು ಕೊಟ್ಟಿದ್ದ ರಬ್ಬರ್ ಚೆಂಡನ್ನು ಟಿವಿ ಹಿಂದಿನಿಂದ ಹುಡುಕಿ ತೆಗೆದೆ. ಬಿಸಿ ನೀರಲ್ಲಿ ಕೈಯಿಟ್ಟು ಹಿಸುಕಿದೆ. ಒಂದು ಎಲೆ ತಿರುಗಿಸುವುದಕ್ಕೆ ಐದು ವಾರ. ಬೆರಳು ಅಂಚಿಗೆ ಹೋಗುತ್ತಿತ್ತು, ಎತ್ತುತ್ತಿರಲಿಲ್ಲ. ಎಷ್ಟು ಸಲ ಅತ್ತೆನೋ. ಲೋರ್ನಾ "ನಾನು ತಿರುಗಿಸ್ಲಾ ಅಮ್ಮಾ?" ಎಂದರೆ ಹೊಡೆಯಲು ಹೋಗುತ್ತಿದ್ದೆ, ಹೊಡೆಯುವ ಕೈಯೇ ಏಳುತ್ತಿರಲಿಲ್ಲ.

ಗುರುವಾರ ಬೆಳಿಗ್ಗೆ ಒಂದು ಎಲೆ ಬೋರಲಿಟ್ಟೆ. ಉಳಿದ ಐವತ್ತೊಂದು ಎಣಿಸಿದೆ. ಎರಡು ನಿಮಿಷ ಐದು ಸೆಕೆಂಡು. ಒಂದು ಹೆಚ್ಚು ಬಂತು. ಹಾಗಾದರೆ ಬೋರಲಾಗಿರುವುದು ಕಳೆಯುವ ಎಲೆ, ಹತ್ತೋ ಮುಖದ ಎಲೆಯೋ ಎಕ್ಕವೋ ಇರಬೇಕು. ಲೆಕ್ಕ ತಪ್ಪಿದ್ದರೆ? ಕೈ ಅಲ್ಲೇ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತೆ. ಆಮೇಲೆ ತಿರುಗಿಸಿದೆ. ಬಲಗೈಯಿಂದಲೇ.

ಆಟೀನ್ ರಾಣಿ.

ಅವಳನ್ನೂ ಸೇರಿಸಿದೆ. ಸೊನ್ನೆ ಬಂತು ಕಣೋ. ಜನವರಿಯಿಂದ ಮೊದಲ ಸಲ ಸೊನ್ನೆ ಬಂತು.

ಕಾಫಿ ಕುಡಿಯೋಣ ಎಂದು ಮೇಜು ಬಿಟ್ಟು ಎದ್ದೆ. ಅಡುಗೆಮನೆಯಿಂದ ಲೋರ್ನಾ ಕೂಗಿದಳು, "ಅಮ್ಮಾ, ಯಾರೋ ಬಾಗ್ಲು ಬಡೀತಿದಾರೆ, ನೋಡು."

ಯಾರೂ ಬಾಗಿಲು ಬಡಿದಿರಲಿಲ್ಲ. ನನ್ನ ಎರಡೂ ಅಂಗೈ ಮೇಲಕ್ಕೆ ತೆರೆದುಕೊಂಡಿದ್ದವು.

ಹನ್ನೆರಡಕ್ಕೆ ಸ್ಟೇಷನ್ನಿಗೆ ಬರುತ್ತೇನೆ. ಹಳದಿ ಕೋಣೆ ಗುಡಿಸಿದ್ದೇನೆ.

ಅಕ್ಕ